ತೋಳು ಹಿಡಿಯುವವರು

ಆಲ್ಬಿ ಕೊಸ್ಟೆಲ್ನಿಕ್ ಸತ್ತದ್ದು ಕಾಲು ಜಾರಿ ಬಿದ್ದು ಎಂದು ಬರೆದು, ಸಹಿ ಹಾಕಿ, ಊರಿನ ದೊಡ್ಡವರೆಲ್ಲ ಕೈ ತೊಳೆದುಕೊಂಡಿದ್ದರು. ಅವನ ಅಕ್ಕ ವಿಲ್ಮಾಗೆ ಮಾತ್ರ ಆ ಮಾತು ಗಂಟಲಲ್ಲಿ ಇಳಿದಿರಲಿಲ್ಲ. ಜಾರುವುದಕ್ಕೆ ಅಲ್ಲಿ ಏನಿತ್ತು? ಪೋಸ್ಟ್ ಆಫೀಸಿನ ಮೆಟ್ಟಿಲ ಮೇಲಿನ ಹಿಮವನ್ನು ಬೆಳಗಿನಿಂದ ಸಲಿಕೆಯಲ್ಲಿ ಕೆರೆದು, ಉಪ್ಪು ಎರಚಿ, ಒಣಗಿಸಿಟ್ಟವನೇ ಆಲ್ಬಿ. ಯಾರೂ ಹೇಳಿದ ಕೆಲಸವಲ್ಲ ಅದು. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಪ್ರತಿ ಚಳಿಗಾಲ ಅವನು ತಾನಾಗಿ ವಹಿಸಿಕೊಂಡಿದ್ದ ಕೆಲಸ. ಸ್ವಲ್ಪ ಸೋಮಾರಿಯಾಗಿದ್ದರೆ ಹಿಮದ ಮೇಲೆ ಬಿದ್ದು ಇವತ್ತಿಗೂ ಬದುಕಿರುತ್ತಿದ್ದನೇನೋ.

ಆಲ್ಬಿಗೆ ಷುಗರ್ ಇತ್ತು. ರಕ್ತದಲ್ಲಿ ಸಕ್ಕರೆ ಇಳಿದಾಗ ಕುಡಿದವನಂತೆ ಬಡಬಡಿಸುತ್ತಿದ್ದ, ಇಡೀ ಊರು ತನ್ನ ಸಲಿಕೆ ಕದಿಯಲು ಬಂದಿದೆ ಎನ್ನುತ್ತಿದ್ದ. ಮನಾಂಗಹೀಲಾ ನದಿ ದಂಡೆಯ ಆ ಪುಟ್ಟ ಊರಿನಲ್ಲಿ ಇದರ ಮದ್ದು ಎಲ್ಲರಿಗೂ ಗೊತ್ತು. ಎದುರಿನ ಮಾಂಸದಂಗಡಿಯ ಹೆಂಗಸು ಒಂದು ಲೋಟ ಕಿತ್ತಳೆ ರಸ ತಂದು, "ಮೊದಲು ಇದನ್ನ ಕುಡಿ ಆಲ್ಬಿ, ಆಮೇಲೆ ಜಗಳ ಆಡೋಣ" ಅನ್ನುತ್ತಿದ್ದಳು. ಅವನು ಕುಡಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ನಾಚಿಕೊಂಡು ಕ್ಷಮೆ ಕೇಳುತ್ತಿದ್ದ. ಇಷ್ಟೇ ವಿಷಯ.

ಆದರೆ ಆ ಫೆಬ್ರವರಿಯ ಬೆಳಿಗ್ಗೆ ಬೇರೆ ಊರಿನಿಂದ ಪತ್ರ ಹಾಕಲು ಬಂದಿದ್ದ ಯಾರೋ ಆಲ್ಬಿಯ ಬಡಬಡಿಕೆಗೆ ಹೆದರಿ ಪೊಲೀಸರಿಗೆ ಫೋನ್ ಮಾಡಿದರು. ಬಂದವನು ಬ್ರೈಸ್ ಎಂಬ ಹೊಸ ಪೊಲೀಸ್. ಬೇರೆ ಜಿಲ್ಲೆಯಿಂದ ಬಂದು ತಿಂಗಳಾಗಿತ್ತೋ ಇಲ್ಲವೋ, ಕಿತ್ತಳೆ ರಸದ ಸಂಗತಿ ಅವನಿಗೆ ಯಾರು ಹೇಳಬೇಕು? ಅವನ ಕೈಯಲ್ಲಿ ಠಾಣೆ ಕೆಲವು ವರ್ಷಗಳಿಂದ ಪರೀಕ್ಷಿಸುತ್ತಿದ್ದ ಹೊಸ ಬಗೆಯ ಬಂದೂಕು ಇತ್ತು. ಅದರಿಂದ ಹಾರುವುದು ಕರೆಂಟಿನ ಗುಂಡು. ತಂತಿ ಗಿಂತಿ ಏನಿಲ್ಲ. ಗುಂಡಿನ ಹೊಟ್ಟೆಯೊಳಗೇ ಪುಟ್ಟ ಬ್ಯಾಟರಿ, ಮೂತಿಗೆ ಮುಳ್ಳು. ಎದೆಗೆ ಕಚ್ಚಿಕೊಂಡಿತೆಂದರೆ ಮೈಯ ಸ್ನಾಯುಗಳೆಲ್ಲ ಸೆಟೆದು ಮನುಷ್ಯ ಹಲಗೆಯಾಗುತ್ತಾನೆ. ಬೀಳುವಾಗ ಯಾರಾದರೂ ಕೈ ಊರಿಕೊಳ್ಳುತ್ತಾರಲ್ಲ, ಅದೂ ಅವನಿಂದಾಗುವುದಿಲ್ಲ. ಬ್ರೈಸ್ ಹಾರಿಸಿದ ಗುಂಡು ಎದೆಗೆ ಕಚ್ಚಿ ಆಲ್ಬಿ ಮೇಲಿನ ಮೆಟ್ಟಿಲಿನಿಂದ ಹಾಗೇ ಮುಂದಕ್ಕೆ ಬಿದ್ದ. ಹಣೆ ಕಲ್ಲಿನ ಅಂಚಿಗೆ ಬಡಿಯಿತು. ಕಿತ್ತಳೆ ರಸ ಹಿಡಿದು ರಸ್ತೆ ದಾಟುತ್ತಿದ್ದ ಮಾಂಸದಂಗಡಿಯ ಹೆಂಗಸು ಅರ್ಧ ರಸ್ತೆಯಲ್ಲೇ ನಿಂತುಬಿಟ್ಟಳು.

ಸಾವಿನ ಕಾರಣ ಬರೆಯುವ ಅಧಿಕಾರಿ, ಅಂದರೆ ಕೊರೋನರ್, ಎಮಿಲ್ ಸ್ಲಾವಿಕ್. ಅವನೇನು ಡಾಕ್ಟರಲ್ಲ. ಶವಸಂಸ್ಕಾರದ ಅಂಗಡಿ ಇಟ್ಟವನು, ಓಟಿನಲ್ಲಿ ಗೆದ್ದು ಆ ಕುರ್ಚಿ ಹಿಡಿದವನು. ಊರಿನ ಅರ್ಧ ಜನರ ಅಪ್ಪ ಅಮ್ಮಂದಿರಿಗೆ ಕೊನೆಯ ಬಾರಿ ತಲೆ ಬಾಚಿದವನೆಂಬ ಗೌರವ ಅವನಿಗಿತ್ತು. ತಮ್ಮನ ಮಣ್ಣು ಮುಗಿದ ವಾರ ವಿಲ್ಮಾ ಅವನ ಅಂಗಡಿಗೆ ಹೋಗಿ ಎದುರು ನಿಂತಳು.

"ಕರೆಂಟ್ ಗುಂಡು ಹೊಡೆದ್ರು ಅಂತ ಯಾಕೆ ಬರೀಲಿಲ್ಲ ಎಮಿಲ್?"

"ಗುಂಡು ಸಾಯಿಸ್ಲಿಲ್ವಲ್ಲ ವಿಲ್ಮಾ. ಬಿದ್ದ, ತಲೆಗೆ ಪೆಟ್ಟಾಯ್ತು. ಸಾಯಿಸಿದ್ದು ಕಲ್ಲು."

"ಕಲ್ಲು ಎದ್ದು ಬಂದು ಹೊಡೀತಾ?"

ಎಮಿಲ್ ಟೈ ಸರಿಮಾಡಿಕೊಂಡ. ದುಃಖದಲ್ಲಿರುವವರ ಜೊತೆ ಮಾತಾಡುವ ಅವನ ಮೆತ್ತಗಿನ ದನಿಯೇ ಅವಳ ಮೈ ಉರಿಸುತ್ತಿತ್ತು. "ನಾನು ಸುಮ್ಮನೆ ಹೇಳ್ತಿಲ್ಲ. ಆ ಕರೆಂಟನ್ನ ನಾನೇ ತಗೊಂಡಿದೀನಿ. ಹೋದ ವರ್ಷ ಫೈರ್ ಹಾಲ್‌ನಲ್ಲಿ, ಎಲ್ಲರ ಮುಂದೆ. ಒಂದು ಗಳಿಗೆ ಪ್ರಾಣ ಹೋದ ಹಾಗಾಯ್ತು, ಆಮೇಲೆ ಎದ್ದು ಕಾಫಿ ಕುಡಿದೆ. ನನಗೇ ಏನೂ ಆಗ್ಲಿಲ್ಲ ಅಂದ್ಮೇಲೆ ಆಲ್ಬಿಗೆ ಅದರಿಂದ ಆಯ್ತು ಅಂತ ಹೇಗೆ ಬರೀಲಿ? ಅವನಿಗೆ ಬೇರೆ ಷುಗರ್. ತಲೆ ತಿರುಗಿರುತ್ತೆ, ಜಾರಿರ್ತಾನೆ."

ಈ ಊರಿನ ಪೊಲೀಸರಿಗೆ ಇದೊಂದು ಜಾತ್ರೆ. ಹೊಸ ಆಯುಧ ಬಂತೆಂದರೆ ಮೊದಲು ತಾವೇ ಅದರ ರುಚಿ ನೋಡುತ್ತಾರೆ. ರುಚಿ ನೋಡದವನನ್ನು ಹೇಡಿ ಎಂದು ರೇಗಿಸುತ್ತಾರೆ. ಪ್ರತಿ ವರ್ಷ ಈಸ್ಟರ್ ಕಳೆದ ಶನಿವಾರ ಊರಿನವರನ್ನೂ ಫೈರ್ ಹಾಲಿಗೆ, ಅಂದರೆ ಅಗ್ನಿಶಾಮಕ ಠಾಣೆಗೆ ಕರೆದು, ಪೊಲೀಸ್ ಚೀಫ್ ಡ್ವೇನ್ ಪಾಲ್ಕೊ ಎಲ್ಲರೆದುರು ಬೆನ್ನಿಗೆ ಕರೆಂಟು ಕೊಡಿಸಿಕೊಂಡು ಹಂದಿಯ ಹಾಗೆ ಕಿರುಚುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಧೈರ್ಯವಿದ್ದ ಒಬ್ಬಿಬ್ಬರು ಊರಿನವರೂ ಮುಂದೆ ಬರುತ್ತಾರೆ. ಆಮೇಲೆ ಚರ್ಚಿನ ಹೆಂಗಸರು ಬೆಣ್ಣೆಯಲ್ಲಿ ಹುರಿದ ಪಿರೋಗಿ ಕಡುಬು ಬಡಿಸುತ್ತಾರೆ. ತಿಂದು ಬಾಯಿ ಒರೆಸಿಕೊಂಡು, ಇದರಿಂದ ಏನೂ ಆಗುವುದಿಲ್ಲ ಎಂದು ಎಲ್ಲರೂ ಮನೆಗೆ ಹೋಗುತ್ತಾರೆ. ತಾವು ಅನುಭವಿಸಿದ್ದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕೆ ಎಂಬುದು ಅವರ ಲೆಕ್ಕ.

ಶಾಲಾ ಬಸ್ಸಿನ ಡ್ರೈವರ್ ಆಗಿದ್ದ ವಿಲ್ಮಾಗೆ ಆ ಶನಿವಾರಗಳಲ್ಲಿ ಬೇಸ್‌ಬಾಲ್ ಆಡುವ ಮಕ್ಕಳನ್ನು ಬೇರೆ ಊರುಗಳಿಗೆ ಕರೆದೊಯ್ಯುವ ಕೆಲಸ. ಒಂದು ಸಲವೂ ಜಾತ್ರೆ ನೋಡಿರಲಿಲ್ಲ. ಎಮಿಲ್ ಅಷ್ಟು ಜಂಬದಿಂದ ಹೇಳಿದ ಮೇಲೆ ಮನೆಗೆ ಬಂದು, ಪೊಲೀಸರೇ ಹೆಮ್ಮೆಯಿಂದ ಎಲ್ಲರಿಗೂ ಹಂಚಿದ್ದ ಹೋದ ವರ್ಷದ ವೀಡಿಯೊ ಹಾಕಿದಳು. ಎಮಿಲ್‌ನ ಮುಖ ಸೊಟ್ಟಗಾಗುವುದನ್ನು, ಕಣ್ಣು ಮೇಲಕ್ಕೆ ಹೋಗುವುದನ್ನು ನೋಡಿದಳು. ಆಮೇಲೆ ಅವನ ಅಕ್ಕಪಕ್ಕ ನೋಡಿದಳು. ಎರಡು ಕಡೆ ಇಬ್ಬರು ದಾಂಡಿಗರು ಅವನ ತೋಳುಗಳನ್ನು ಕಂಕುಳವರೆಗೂ ಅಪ್ಪಿ ಹಿಡಿದಿದ್ದರು. ಅವನು ಬೀಳಲೇ ಇಲ್ಲ. ತೊಟ್ಟಿಲಿಗೆ ಕೂಸು ಇಳಿಸುವ ಹಾಗೆ ಅವನನ್ನು ಕುಸ್ತಿಯ ದಪ್ಪ ಮ್ಯಾಟಿನ ಮೇಲೆ ಇಳಿಸಿದರು. ಗುಂಡನ್ನೂ ಯಾರೂ ಹಾರಿಸಿರಲಿಲ್ಲ. ಬೆನ್ನಿಗೆ ಎರಡು ಕ್ಲಿಪ್ಪು ಸಿಕ್ಕಿಸಿ, ಸ್ವಿಚ್ಚು ಒತ್ತಿ, ಮೂರು ಎಣಿಸುವಷ್ಟರಲ್ಲಿ ಬಿಟ್ಟರು.

ಅವಳು ಆಗಲೇ ಎಮಿಲ್‌ಗೆ ಫೋನ್ ಮಾಡಿದಳು. "ನಿನ್ನನ್ನ ಇಬ್ಬರು ಹಿಡ್ಕೊಂಡಿದ್ರು ಕಣೋ."

"ಅದು ಸುಮ್ನೆ ಪದ್ಧತಿ. ಹಿಡೀದಿದ್ರೂ ಏನಾಗ್ತಿತ್ತು? ಕುಕ್ಕರಿಸಿ ಕೂತ್ಕೋತಿದ್ದೆ."

"ಕೂತ್ಕೋತಿದ್ಯಾ? ಮಂಡಿ ಮಡಚೋಕೆ ಆಗ್ತಿತ್ತಾ?"

"ವಿಲ್ಮಾ, ನಿನ್ನ ದುಃಖ ನಂಗರ್ಥ ಆಗುತ್ತೆ" ಎಂದ ಎಮಿಲ್. ಅವಳು ಫೋನ್ ಇಟ್ಟಳು. ದುಃಖವಂತೆ. ಅವಳ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ದುಃಖವಾಗಿರಲಿಲ್ಲ. ಜಾರಿ ಬಿದ್ದ ಎಂಬ ಆ ಮಾತು ನಿಂತರೆ ಆಲ್ಬಿ ತನ್ನ ಸಾವಿಗೆ ತಾನೇ ಹೊಣೆ. ಯಾರನ್ನೂ ಕೇಳುವ ಹಾಗಿಲ್ಲ, ಯಾವ ಕೋರ್ಟಿನ ಬಾಗಿಲೂ ತೆರೆಯುವುದಿಲ್ಲ. ಅದನ್ನು ಬದಲಿಸುವ ಅಧಿಕಾರ ಇದ್ದವನು ಒಬ್ಬನೇ, ಅವನೋ ತಾನು ಕಾಫಿ ಕುಡಿದದ್ದನ್ನೇ ಪುರಾವೆ ಮಾಡಿಕೊಂಡು ಕೂತಿದ್ದ.

ಈ ವರ್ಷ ಜಾತ್ರೆ ನಿಲ್ಲಿಸುತ್ತಾರೆ ಅಂದುಕೊಂಡಿದ್ದಳು ವಿಲ್ಮಾ. ನಾಚಿಕೆ ಇದ್ದವರು ನಿಲ್ಲಿಸುತ್ತಿದ್ದರು. ಪಾಲ್ಕೊ ಇನ್ನೂ ದೊಡ್ಡದಾಗಿ ಇಟ್ಟುಕೊಂಡ. ಪ್ರತಿ ಪೊಲೀಸ್ ಕಾರಿಗೂ ಈ ಬಂದೂಕು ಕೊಡಿಸಬೇಕೋ ಬೇಡವೋ ಎಂದು ಸೋಮವಾರ ಊರಿನ ಕೌನ್ಸಿಲ್ ಓಟು ಹಾಕುವುದಿತ್ತು. ಹಾಗಾಗಿ ಕೌನ್ಸಿಲಿನವರನ್ನೆಲ್ಲ ಮೊದಲ ಸಾಲಿಗೆ ಕರೆದಿದ್ದ, ಅವರ ಪಕ್ಕದಲ್ಲಿ ಎಮಿಲ್‌ನನ್ನೂ. ವಿಲ್ಮಾ ಬಸ್ಸಿನ ಪಾಳಿಯನ್ನು ಬೇರೆಯವರಿಗೆ ಕೊಟ್ಟು ಹೋಗಿ ಎರಡನೆಯ ಸಾಲಿನಲ್ಲಿ, ಸರಿಯಾಗಿ ಎಮಿಲ್‌ನ ಹಿಂದೆ ಕೂತಳು. ಅವನ ಕಿವಿಯ ಹತ್ತಿರ ಬಗ್ಗಿ, "ಇವತ್ತು ಮುಖ ನೋಡ್ಬೇಡ, ತೋಳು ನೋಡು" ಅಂದಳು. ಅವನು ತಿರುಗಲಿಲ್ಲ. ಅವನ ಕುತ್ತಿಗೆ ಕೆಂಪಗಾದದ್ದು ಮಾತ್ರ ಅವಳಿಗೆ ಕಾಣಿಸಿತು.

ಪಾಲ್ಕೊ ಅಂಗಿಯ ತೋಳು ಮಡಚಿ ಮುಂದೆ ಬಂದ. ಶಾಲೆಯಲ್ಲಿ ವಿಲ್ಮಾಳ ತರಗತಿಯಲ್ಲೇ ಓದಿದವನು. ಆಗಲೂ ಹೀಗೆಯೇ, ನಾಲ್ಕು ಜನ ಸೇರಿದರೆ ಸಾಕು, ಕುಣಿಯುತ್ತಿದ್ದ.

"ಮೊದಲೇ ಹೇಳ್ಬಿಡ್ತೀನಿ, ನನ್ನ ಹೆಂಡ್ತಿ ಇದನ್ನ ಮನೆಗೂ ಒಂದು ಕೊಡ್ಸಿ ಅಂತ ಕೌನ್ಸಿಲ್‌ಗೆ ಅರ್ಜಿ ಹಾಕ್ತಿದಾಳೆ" ಎಂದ. ಹಾಲ್ ನಕ್ಕಿತು. ನಗು ಇಳಿದ ಮೇಲೆ ಮುಖ ಗಂಭೀರ ಮಾಡಿಕೊಂಡ. "ಹೋದ ಚಳೀಲಿ ನಮ್ಮ ಆಲ್ಬಿ ಜಾರಿ ಬಿದ್ದು ತೀರ್ಕೊಂಡ. ನಮಗೆಲ್ಲ ಬೇಜಾರಿದೆ. ಆದ್ರೆ ಅದನ್ನ ಈ ಆಯುಧದ ತಲೆಗೆ ಕಟ್ಟೋದು ಅನ್ಯಾಯ. ಇದು ಜೀವ ಉಳ್ಸೋ ಸಾಮಾನು. ಸೀಸದ ಗುಂಡು ಹೊಡೀಬೇಕಾದ ಕಡೆ ಇದನ್ನ ಹೊಡೆದ್ರೆ ಮನುಷ್ಯ ಎದ್ದು ಮನೆಗೆ ಹೋಗ್ತಾನೆ. ನಾನು ಪ್ರತಿ ವರ್ಷ ತಗೋತೀನಿ. ನೋಡಿ, ಗುಂಡುಕಲ್ಲಿನ ಹಾಗಿದೀನಿ."

ಸೀಸದ ಗುಂಡು. ಸಲಿಕೆ ಹಿಡಿದು ನಡುಗುತ್ತಿದ್ದ ಆಲ್ಬಿಗೆ ಅದನ್ನು ಯಾರು ಹೊಡೆಯಬೇಕಿತ್ತು? ಅಲ್ಲಿ ಬೇಕಾಗಿದ್ದದ್ದು ಒಂದು ಲೋಟ ರಸ. ವಿಲ್ಮಾ ಹಲ್ಲು ಕಚ್ಚಿ ಕೂತಳು. ಆಗ ಸ್ವಿಚ್ಚಿನ ಪೆಟ್ಟಿಗೆ ಹಿಡಿದು ಪಕ್ಕದ ಬಾಗಿಲಿನಿಂದ ಬಂದವನನ್ನು ನೋಡಿದಳು. ಬ್ರೈಸ್. ಅವನದೇನೂ ತಪ್ಪಿಲ್ಲ ಎಂದು ಊರಿಗೆ ತೋರಿಸಲು ಪಾಲ್ಕೊ ಅವನ ಕೈಗೇ ಪೆಟ್ಟಿಗೆ ಕೊಟ್ಟಿದ್ದ. ತಮ್ಮನನ್ನು ಕೆಡವಿದವನನ್ನೇ ತಂದು ಮೆರೆಸುತ್ತಿದ್ದಾರೆ ಎಂದು ಅವಳ ನೆತ್ತಿಯವರೆಗೂ ಸಿಟ್ಟು ಏರಿತು.

ಬೆನ್ನಿಗೆ ಕ್ಲಿಪ್ಪು ಸಿಕ್ಕಿಸಿದ್ದಾಯಿತು. "ತೋಳು ಹಿಡಿಯೋಕೆ ಇಬ್ಬರು ಬನ್ನಿ" ಎಂದು ಪಾಲ್ಕೊ ಕರೆದ. ಮೊದಲು ಎದ್ದವನು ಲೂ ಟೊಮ್ಕೊ. ಆಂಬುಲೆನ್ಸಿನ ಮುದುಕ, ಪ್ರತಿ ವರ್ಷದ ಹಿಡಿಯುವವ, ಚೀಫ್‌ನ ಬಿಯರ್ ಜೊತೆಗಾರ. ಇನ್ನೊಂದು ಕಡೆಗೆ ಪಾಲ್ಕೊ ಕೌನ್ಸಿಲಿನವರ ಕಡೆ ನೋಡುತ್ತಿದ್ದ, ಫೋಟೋ ಚೆನ್ನಾಗಿ ಬರಲಿ ಎಂದು. ಅಷ್ಟರಲ್ಲಿ ಅವನ ಎಡತೋಳನ್ನು ಯಾರೋ ಮೊಣಕೈ ಮೇಲೆ ಗಟ್ಟಿಯಾಗಿ ಹಿಡಿದರು. ಎದ್ದದ್ದು ಯಾವಾಗ, ನಡೆದದ್ದು ಯಾವಾಗ ಎಂದು ವಿಲ್ಮಾಗೇ ತಿಳಿಯದು.

"ಬೇಡ ವಿಲ್ಮಾ" ಎಂದ ಪಾಲ್ಕೊ, ತುಟಿ ಅಲುಗಿಸದೆ. "ಹೋಗಿ ಕೂತ್ಕೋ."

"ಇಬ್ಬರು ಬೇಕು ಅಂದ್ಯಲ್ಲ."

"ನೀನು ಹೆಂಗಸು, ನಿನ್ನಿಂದ ಆಗಲ್ಲ."

"ನಿನ್ನ ಮೊಮ್ಮಕ್ಕಳನ್ನ ಈ ಕಣಿವೆ ತಿರುವಲ್ಲಿ ದಿನಾ ಬಸ್ ತಿರುಗಿಸಿ ತರೋದು ಈ ಕೈಯೇ. ಅದಕ್ಕಾಗುತ್ತೆ, ನಿನ್ನ ಹಿಡಿಯೋಕೆ ಆಗಲ್ವಾ?"

ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ಇದೂ ಆಟದ ಒಂದು ಭಾಗ ಅಂದುಕೊಂಡಿರಬೇಕು. ಜಗ್ಗಿ ಬಿಡಿಸಿಕೊಂಡರೆ ಮರ್ಯಾದೆ ಹೋಗುತ್ತದೆ, ಸುಮ್ಮನಿದ್ದರೆ ತೋಳು ಇವಳ ಕೈಯಲ್ಲಿ. ಪಾಲ್ಕೊನ ಹಣೆಯ ಮೇಲೆ ಬೆವರು ಕಾಣಿಸಿತು.

"ಗಟ್ಟಿಯಾಗಿ ಹಿಡೀತೀಯ ತಾನೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಹಿಡಿದ್ರೆ ಹಿಡಿದೆ, ಬಿಟ್ರೆ ಬಿಟ್ಟೆ. ಆ ಹೊತ್ತಿಗೆ ಹೇಗನ್ಸುತ್ತೋ."

"ತಮಾಷೆ ಮಾಡ್ಬೇಡ ಮಾರಾಯ್ತಿ."

"ತಮಾಷೆ ನಿಂದು. ನಾನು ತೋಳು ಹಿಡಿಯೋಕೆ ಬಂದೋಳು." ಆಮೇಲೆ ಅವಳು ದನಿ ಎತ್ತಿದಳು. ಬಸ್ಸಿನ ಕೊನೆಯ ಸೀಟಿನಲ್ಲಿ ಗಲಾಟೆ ಮಾಡುವ ಮಕ್ಕಳಿಗೆ ಕೇಳಿಸುವ ದನಿ ಅದು. "ಚೀಫ್, ಒಂದು ಮಾತು ಕೇಳ್ತೀನಿ. ಏನೂ ಆಗಲ್ಲ ಅಂತೀಯ. ಹಾಗಾದ್ರೆ ತೋಳು ಯಾಕೆ ಹಿಡೀಬೇಕು?"

"ಅದು ನಿಯಮ. ಸುರಕ್ಷತೆಗೆ."

"ಯಾರ ಸುರಕ್ಷತೆಗೆ?"

"ಕರೆಂಟ್ ತಗೊಳ್ಳೋನ ಸುರಕ್ಷತೆಗೆ, ಇನ್ಯಾರದು?"

"ಆಲ್ಬಿ ತಗೊಂಡ ದಿನ ಆ ನಿಯಮ ರಜಾ ಹಾಕಿತ್ತಾ?"

ವಿಲ್ಮಾ ಅವನ ತೋಳು ಬಿಟ್ಟಳು. ಬಗ್ಗಿ, ಶಾಲೆಯಿಂದ ತಂದಿದ್ದ ಆ ನೀಲಿ ಮ್ಯಾಟಿನ ಅಂಚು ಹಿಡಿದು ಎಳೆದಳು. ಭಾರವಿತ್ತು. ಎರಡನೆಯ ಸಲ ಎಳೆದಾಗ ಜಾರಿ ಬಂತು. ಕೆಳಗೆ ಅಗ್ನಿಶಾಮಕ ಗಾಡಿಗಳ ಎಣ್ಣೆ ಕುಡಿದು ಕಪ್ಪಾದ ಕಾಂಕ್ರೀಟು ನೆಲ ಕಾಣಿಸಿತು. ಕೌನ್ಸಿಲಿನ ಅಧ್ಯಕ್ಷೆ ಎದ್ದು, "ಮಿಸ್ ಕೊಸ್ಟೆಲ್ನಿಕ್, ದಯವಿಟ್ಟು ನಿಮ್ಮ ಜಾಗಕ್ಕೆ ಹೋಗಿ" ಎಂದಳು. ವಿಲ್ಮಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಪೋಸ್ಟ್ ಆಫೀಸಲ್ಲಿ ಮ್ಯಾಟ್ ಇರ್ಲಿಲ್ಲ" ಎಂದಳು. "ಆಲ್ಬಿ ತಗೊಂಡ ಹಾಗೆ ತಗೋ."

"ಲೂ, ಬಿಡ್ಬೇಡ" ಎಂದ ಪಾಲ್ಕೊ, ಬಲಗಡೆ ತಿರುಗಿ.

ಲೂ ಬಿಟ್ಟ. ಎರಡು ಹೆಜ್ಜೆ ಹಿಂದೆ ಸರಿದು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಇಷ್ಟು ವರ್ಷ ಹಿಡಿದಿದೀನಿ ಡ್ವೇನ್. ಕರೆಂಟ್ ಹೊಡೆದಾಗ ನೀನೆಂಥ ಭಾರ ಅಂತ ನಿನಗೆ ಗೊತ್ತಿಲ್ಲ, ನನ್ನ ಸೊಂಟಕ್ಕೆ ಗೊತ್ತು. ಆಲ್ಬಿನ ಮೆಟ್ಟಿಲಿಂದ ಎತ್ತಿದ್ದೂ ನಾನೇ. ಅವನ ಅಂಗೈಲಿ ಒಂದು ತರಚೂ ಇರ್ಲಿಲ್ಲ. ಜಾರಿದವನು ಕೈ ಊರ್ತಾನೆ. ಇದನ್ನ ಆವತ್ತೇ ಹೇಳ್ಬೇಕಿತ್ತು. ಯಾರೂ ಕೇಳ್ಲಿಲ್ಲ, ನಾನೂ ಬಾಯಿ ಬಿಡ್ಲಿಲ್ಲ."

ಪಾಲ್ಕೊ ಬರಿ ನೆಲದ ಮೇಲೆ ಒಬ್ಬನೇ ನಿಂತ. ಬೆನ್ನಿನಿಂದ ಎರಡು ತಂತಿ ಇಳಿಬಿದ್ದಿದ್ದವು. ಇಡೀ ಊರು ನೋಡುತ್ತಿತ್ತು. ಹಿಂದೆ ಸರಿಯುವ ಜಾಯಮಾನ ಅವನದಲ್ಲ. ಎದೆ ಸೆಟೆಸಿ, "ಸರಿ. ಯಾರೂ ಬೇಡ. ಬ್ರೈಸ್, ಒತ್ತು" ಎಂದ.

ಬ್ರೈಸ್ ಹೆಬ್ಬೆರಳು ಸ್ವಿಚ್ಚಿನ ಮೇಲೆ ಇಟ್ಟ. ಒತ್ತಲಿಲ್ಲ.

"ಏನು ನೋಡ್ತಿದೀಯ?"

"ಸರ್, ಕೆಳಗೆ ಕಾಂಕ್ರೀಟ್ ಇದೆ."

"ಇದ್ರೆ ಇರ್ಲಿ."

"ನೆಟ್ಟಗೆ ಬೀಳ್ತೀರ ಸರ್. ತಲೆ ಒಡೆಯುತ್ತೆ."

ಆ ಮಾತು ಹೇಳಿದ ಮೇಲೆ ಅದು ಯಾರ ಬಾಯಿಂದ ಬಂತೆಂದು ಅವನಿಗೇ ಹೊಳೆದಿರಬೇಕು. ಮುಖದ ರಕ್ತವೆಲ್ಲ ಇಳಿದುಹೋಯಿತು. ಅವನು ವಿಲ್ಮಾಳ ಕಡೆ ತಿರುಗಿದ. "ಮೇಡಂ, ಆವತ್ತು ನಾನು ಎದೆ ನೋಡ್ದೆ, ಸಲಿಕೆ ನೋಡ್ದೆ. ಕೆಳಗೇನಿದೆ ನೋಡು ಅಂತ ಯಾರೂ ಹೇಳಿರ್ಲಿಲ್ಲ. ನಮಗೆಲ್ಲ ಮ್ಯಾಟ್ ಮೇಲೇ ಕಲಿಸಿದ್ದು."

ಆ ಕ್ಷಣ ಅವಳು ಅವನನ್ನು ಕ್ಷಮಿಸಲಿ ಎಂದು ಇಡೀ ಹಾಲ್ ಕಾಯುತ್ತಿತ್ತು. ಅಂಥದ್ದನ್ನು ನೋಡಲು ಜನಕ್ಕೆ ಬಲು ಇಷ್ಟ. ವಿಲ್ಮಾ ಕ್ಷಮಿಸಲಿಲ್ಲ. "ಹೇಳ್ಬೇಕಿತ್ತಾ?" ಎಂದಳು. "ಮೆಟ್ಟಿಲು ಕಣ್ಣಿಗೆ ಕಾಣಲ್ವಾ? ಇವತ್ತು ನಿಮ್ಮ ಚೀಫ್ ನಿಂತಾಗ ಕಾಂಕ್ರೀಟ್ ಕಾಣಿಸ್ತು. ಆವತ್ತು ನಿಂತೋನು ಯಾರೋ ಹುಚ್ಚ ಅಂದ್ಕೊಂಡ್ರಿ, ಅದಕ್ಕೇ ಕಲ್ಲು ಕಾಣಿಸ್ಲಿಲ್ಲ." ಅವಳು ಪಾಲ್ಕೊನ ಕಡೆ ತಿರುಗಿದಳು. "ಅವನು ಒತ್ತಲ್ಲ. ಪೆಟ್ಟಿಗೆ ನನಗೆ ಕೊಡಿಸು. ನಾನು ಒತ್ತೀನಿ."

ಅವಳು ಕೈ ಚಾಚಿದಳು. ಬ್ರೈಸ್ ಏನು ಮಾಡಬೇಕೆಂದು ತೋಚದೆ ಚೀಫ್‌ನ ಮುಖ ನೋಡಿದ. ಪಾಲ್ಕೊ ತನ್ನ ಕಾಲ ಕೆಳಗಿನ ನೆಲ ನೋಡಿದ. ಅದನ್ನು ಅವನು ಈಗಷ್ಟೇ ಮೊದಲ ಸಲ ನೋಡುತ್ತಿದ್ದಂತೆ ಇತ್ತು. ಆಮೇಲೆ ಬೆನ್ನ ಹಿಂದೆ ಕೈ ಹಾಕಿ ಕ್ಲಿಪ್ಪುಗಳನ್ನು ತಡಕಾಡತೊಡಗಿದ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ.

"ಕೊಡ್ಬೇಡ" ಎಂದ ಬ್ರೈಸ್‌ಗೆ.

"ಯಾಕೆ ಡ್ವೇನ್?" ಎಂದಳು ವಿಲ್ಮಾ. "ಏನೂ ಆಗಲ್ವಲ್ಲ. ಎದ್ದು ಮನೆಗೆ ಹೋಗ್ತೀಯಲ್ಲ."

"ಕೊಡ್ಬೇಡ ಅಂದೆ. ಹಿಡಿಯೋರಿಲ್ದೆ ಈ ನೆಲದ ಮೇಲೆ ಬಿದ್ರೆ ನಾನು ಸತ್ತೇ ಹೋಗ್ತೀನಿ."

ಅವನು ಅದನ್ನು ಕಿರುಚಿ ಹೇಳಲಿಲ್ಲ. ಆದರೆ ಹಾಲ್ ಅಷ್ಟು ನಿಶ್ಶಬ್ದವಾಗಿತ್ತು, ಹಿಂದೆ ಪಿರೋಗಿಯ ಬಾಣಲೆ ಹತ್ತಿರ ನಿಂತಿದ್ದ ಹೆಂಗಸರಿಗೂ ಕೇಳಿಸಿತು. ಅವರಲ್ಲೊಬ್ಬಳು ಒಲೆ ಆರಿಸಿದಳು. ಲೂ ಹೋಗಿ ಪಾಲ್ಕೊನ ಬೆನ್ನಿನಿಂದ ಎರಡನೆಯ ಕ್ಲಿಪ್ಪು ಬಿಡಿಸಿದ.

ವಿಲ್ಮಾ ಮೊದಲ ಸಾಲಿನ ಮುಂದೆ ಬಂದು ಎಮಿಲ್‌ನ ಎದುರು ನಿಂತಳು. ಎಮಿಲ್ ಬೆಳ್ಳಗಾಗಿದ್ದ. ತನ್ನ ಎರಡು ತೋಳುಗಳನ್ನೂ ಎದೆಗೆ ಒತ್ತಿಕೊಂಡು ಕೂತಿದ್ದ. ಹೋದ ವರ್ಷ ಅವುಗಳನ್ನು ಹಿಡಿದವರ ನೆನಪು ಈಗ ಬಂದಿತ್ತೋ ಏನೋ.

"ಕೇಳಿಸ್ತಾ?" ಎಂದಳು.

"ಕೇಳಿಸ್ತು."

"ಸೋಮವಾರ ಕೌನ್ಸಿಲ್ ಓಟು ಹಾಕೋ ಮುಂಚೆ ಆ ಕಾಗದದಲ್ಲಿ ಏನಂತ ಬರೀತೀಯ?"

ಎಮಿಲ್ ಎದ್ದು ನಿಂತ. ಆ ಮೆತ್ತಗಿನ ದನಿ ಎಲ್ಲೋ ಹೋಗಿತ್ತು. "ಜಾರಿದ್ದು ಅನ್ನೋದನ್ನ ತೆಗೀತೀನಿ. ಪೊಲೀಸರು ಕರೆಂಟ್ ಗುಂಡು ಹೊಡೆದದ್ದರಿಂದ ಬಿದ್ದು ಸತ್ತ ಅಂತ ಬರೀತೀನಿ. ನನ್ನ ಕಣ್ಣು ತೆರೀತು ವಿಲ್ಮಾ. ನಿನಗೆ ಥ್ಯಾಂಕ್ಸ್ ಹೇಳ್ಬೇಕು."

ಎರಡು ತಿಂಗಳು ಅವಳು ನಿದ್ದೆಗೆಟ್ಟು ಕಾದದ್ದು ಈ ಮಾತಿಗೇ. ಬಂತು. ಬಂದರೂ ಅವಳ ಎದೆಯ ಉರಿ ಒಂದಿಷ್ಟೂ ತಣಿಯಲಿಲ್ಲ, ಇನ್ನೂ ಹೆಚ್ಚಾಯಿತು.

"ಥ್ಯಾಂಕ್ಸ್ ಇಟ್ಕೋ" ಎಂದಳು. "ನನ್ನ ತಮ್ಮ ಒಡೆದ ತಲೆ ಸಮೇತ ನಿನ್ನ ಮೇಜಿನ ಮೇಲೆ ಮಲಗಿದ್ದ ಎಮಿಲ್. ಅವನನ್ನ ತೊಳೆದವನು ನೀನು. ಅದು ನಿನಗೆ ಸಾಲ್ಲಿಲ್ಲ. ಡ್ವೇನ್ ಪಾಲ್ಕೊ ಹೆದರ್ಕೋಬೇಕಾಯ್ತು."

ಅವಳು ಕುರ್ಚಿಯ ಮೇಲಿದ್ದ ಕೋಟು ತೆಗೆದುಕೊಂಡು ಹೊರಟಳು, ದಾರಿಯಲ್ಲಿದ್ದವರು ಕಾಲು ಮಡಚಿ ಜಾಗ ಬಿಟ್ಟರು.